ಎಲೆಕ್ಟ್ರಾನಿಕ್ಸ್ ಕಲಿಯಲು ಗುಂಪು ವರ್ಕ್‌ಶಾಪ್‌ಗೆ ಹೋಗಲಾ, ಮನೆಯಲ್ಲೇ ಕಲಿಯಲಾ?

ಪ್ರಶ್ನೆ: ನಾನು ಲೆಕ್ಕಪತ್ರದ ಕೆಲಸದಲ್ಲಿರುವವಳು, ಎಲೆಕ್ಟ್ರಾನಿಕ್ಸ್ ಓದಿದವಳಲ್ಲ. ಆಸೆಯಿಂದ ಒಂದು ಆರ್ಡುಯಿನೊ (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡ್) ಕಿಟ್ ತೆಗೆದುಕೊಂಡೆ. ವಿಡಿಯೋ ನೋಡಿಕೊಂಡು ಎಲ್‌ಇಡಿ ಮಿನುಗಿಸಿದೆ, ಒಂದೆರಡು ಸೆನ್ಸರ್ ಜೋಡಿಸಿದೆ. ಆದರೆ ವಿಡಿಯೋ ನಿಲ್ಲಿಸಿದ ಕೂಡಲೇ ತಲೆ ಖಾಲಿ. ಸ್ವಂತವಾಗಿ ಏನೂ ಮಾಡಲು ಬರುತ್ತಿಲ್ಲ. ಈಗ ಎರಡು ದಿನದ ಗುಂಪು ವರ್ಕ್‌ಶಾಪ್ ಒಂದಕ್ಕೆ ಸೇರುವ ಅವಕಾಶ ಬಂದಿದೆ. ಇಬ್ಬಿಬ್ಬರಿಗೆ ಒಂದು ಟೇಬಲ್ ಅಂತೆ. ಉಳಿದವರೆಲ್ಲ ನನಗಿಂತ ತಿಳಿದವರಾಗಿದ್ದರೆ ಅವರಿಗೆ ನಾನು ಅಡ್ಡಿಯಾಗುತ್ತೇನಾ ಎಂಬ ಅಳುಕು ಇದೆ. ಹೋಗಲಾ? ಹೋದರೆ ಅಲ್ಲಿ ಏನು ಕಲಿಯಬೇಕು? ಬಂದ ಮೇಲೆ ಹೇಗೆ ಮುಂದುವರಿಸಬೇಕು?

ಉತ್ತರ: ಹೋಗಿ, ಅನುಮಾನ ಬೇಡ. ಆದರೆ ಅಲ್ಲಿ ಏನನ್ನು ಕಲಿಯಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡು ಹೋಗಿ. ಬಹಳ ಜನ ಚೆನ್ನಾಗಿ ಕೆಲಸ ಮಾಡುವ ಒಂದು ಸರ್ಕ್ಯೂಟ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಅದು ಯಾಕೆ ಕೆಲಸ ಮಾಡುತ್ತಿದೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಆ ಎರಡು ದಿನದಲ್ಲಿ ನೀವು ಕಲಿಯಬೇಕಾದ ಮುಖ್ಯ ವಿದ್ಯೆ ಒಂದೇ: ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ತಪ್ಪು ಎಲ್ಲಿದೆ ಎಂದು ಹುಡುಕುವುದು.

ವಿಡಿಯೋ ನೋಡಿ ಕಲಿತದ್ದು ತಲೆಯಲ್ಲಿ ಉಳಿಯದಿರಲು ನಿಮ್ಮ ಬುದ್ಧಿ ಕಾರಣವಲ್ಲ. ವಿಡಿಯೋದಲ್ಲಿ ಸರ್ಕ್ಯೂಟ್ ಮೊದಲ ಸಲಕ್ಕೇ ಕೆಲಸ ಮಾಡುತ್ತದೆ. ಕೆಲಸ ಮಾಡದೆ ಸತಾಯಿಸಿದ ಅರ್ಧ ಗಂಟೆಯನ್ನು ಕತ್ತರಿಸಿ ಹಾಕಿರುತ್ತಾರೆ. ನಿಜವಾದ ಕಲಿಕೆ ಇದ್ದದ್ದೇ ಆ ಅರ್ಧ ಗಂಟೆಯಲ್ಲಿ. ನೀವು ಅವರ ವೈರ್ ನೋಡಿ ನಿಮ್ಮ ವೈರ್ ಚುಚ್ಚಿದಿರಿ, ದೀಪ ಹತ್ತಿತು, ಮುಗಿಯಿತು. ಯಾವ ವೈರ್ ಯಾಕೆ ಬೇಕು ಎಂದು ಯೋಚಿಸುವ ಸಂದರ್ಭವೇ ಬರಲಿಲ್ಲ. ಅದೇ ದೀಪ ಹತ್ತದಿದ್ದರೆ ಒಂದೊಂದು ವೈರನ್ನೂ ಪ್ರಶ್ನೆ ಮಾಡಲೇಬೇಕು, ಅಲ್ವಾ?

ಹಾಗಿದ್ದರೆ ಮನೆಯಲ್ಲೂ ತಪ್ಪುಗಳಾಗುತ್ತವಲ್ಲ, ಗುಂಪು ಯಾಕೆ ಬೇಕು ಎಂದು ನೀವು ಕೇಳಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಜೀವ ಇಲ್ಲೇ ಇದೆ.

ವರ್ಕ್‌ಶಾಪ್‌ನಲ್ಲಿ ಒಂದೇ ಸರ್ಕ್ಯೂಟನ್ನು ಎಲ್ಲ ಟೇಬಲ್‌ಗಳಲ್ಲೂ ಕಟ್ಟುತ್ತಾರೆ. ನಿಮ್ಮದು ಕೆಲಸ ಮಾಡದಿದ್ದರೂ ಪಕ್ಕದ ಟೇಬಲ್‌ನದ್ದು ಮಾಡುತ್ತಿರುತ್ತದೆ. ಅಂದರೆ ಹೋಲಿಸಿ ನೋಡಲು ಸರಿಯಾಗಿರುವ ಒಂದು ಸರ್ಕ್ಯೂಟ್ ಕೈಗೆ ಸಿಗುವಷ್ಟು ದೂರದಲ್ಲೇ ಇದೆ. ಅದರ ಮೇಲೆ ಮಲ್ಟಿಮೀಟರ್ (ವೋಲ್ಟ್, ಕರೆಂಟ್ ಅಳೆಯುವ ಸಾಧನ) ಇಟ್ಟು ಅಳೆಯಿರಿ, ಅದೇ ಜಾಗದಲ್ಲಿ ನಿಮ್ಮದನ್ನೂ ಅಳೆಯಿರಿ. ಎರಡು ಅಂಕಿ ಎಲ್ಲಿ ಬೇರೆಯಾಗುತ್ತವೋ ಅಲ್ಲೇ ಹತ್ತಿರದಲ್ಲಿ ತಪ್ಪು ಇರುತ್ತದೆ. ಮನೆಯಲ್ಲಿ ಒಬ್ಬರೇ ಕೂತಾಗ ಈ ಅನುಕೂಲ ಇರುವುದಿಲ್ಲ. ಮೀಟರ್ 3.3 ವೋಲ್ಟ್ ತೋರಿಸಿದರೆ ಅದು ಸರಿಯೋ ತಪ್ಪೋ ಹೇಳಲು ನಿಮ್ಮ ಹತ್ತಿರ ಅಳತೆಗೋಲೇ ಇಲ್ಲ. ಇನ್ನೊಂದು ವಿಷಯ: ಮನೆಯಲ್ಲಿ ನಿಮ್ಮ ತಪ್ಪುಗಳು ಮಾತ್ರ ನಿಮಗೆ ಸಿಗುತ್ತವೆ. ವರ್ಕ್‌ಶಾಪ್‌ನಲ್ಲಿ ಒಬ್ಬರು ಎಲ್‌ಇಡಿ ತಿರುಗಾಮುರುಗಾ ಹಾಕಿರುತ್ತಾರೆ, ಇನ್ನೊಬ್ಬರು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಮೇಲಿನ ಬಣ್ಣದ ಪಟ್ಟಿ ತಪ್ಪಾಗಿ ಓದಿರುತ್ತಾರೆ, ಮತ್ತೊಬ್ಬರು ಐಸಿಯನ್ನೇ (ಇಡೀ ಸರ್ಕ್ಯೂಟನ್ನು ಒಳಗಿಟ್ಟ ಪುಟ್ಟ ಚಿಪ್) ತಲೆಕೆಳಗಾಗಿ ಕೂರಿಸಿರುತ್ತಾರೆ. ಒಬ್ಬರೇ ಇದ್ದರೆ ಇಷ್ಟೆಲ್ಲ ನೋಡಲು ತಿಂಗಳುಗಟ್ಟಲೆ ಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 555 ಟೈಮರ್ ಐಸಿ ಹಾಕಿ ಎಲ್‌ಇಡಿ ಮಿನುಗಿಸುವ ಸರ್ಕ್ಯೂಟ್. ಹಾನ್ಸ್ ಕಾಮೆನ್‌ಜಿಂಡ್ ಅವರು 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ವಿನ್ಯಾಸ ಮಾಡಿದರು, 1972ರಲ್ಲಿ ಮಾರುಕಟ್ಟೆಗೆ ಬಂತು, ಇವತ್ತಿಗೂ ತಯಾರಾಗುತ್ತಿದೆ. ಎಂಟು ಕಾಲಿನ ಪುಟ್ಟ ಐಸಿ. ಹೊಸಬರಿಗೆ ಆರ್ಡುಯಿನೊಗಿಂತ ಮೊದಲು ಇದನ್ನು ಕೊಡುವುದು ನನಗೆ ಇಷ್ಟ. ಪ್ರೋಗ್ರಾಂ ಇಲ್ಲದ ಕಾರಣ ತಪ್ಪು ಕೋಡ್‌ನಲ್ಲಿದೆಯೋ ವೈರ್‌ನಲ್ಲಿದೆಯೋ ಎಂಬ ಗೊಂದಲ ಇರುವುದಿಲ್ಲ.

ಸಪ್ಲೈ 5 ವೋಲ್ಟ್. 1ನೇ ಪಿನ್ (ಅಂದರೆ ಐಸಿಯ ಕಾಲು) ಗ್ರೌಂಡ್‌ಗೆ, ಎಂದರೆ ಸಪ್ಲೈನ ಮೈನಸ್‌ಗೆ, 8 ಮತ್ತು 4ನೇ ಪಿನ್ 5 ವೋಲ್ಟ್‌ಗೆ. 8 ಮತ್ತು 7ರ ನಡುವೆ 10 ಕಿಲೋಓಮ್ ರೆಸಿಸ್ಟರ್, 7 ಮತ್ತು 6ರ ನಡುವೆ 68 ಕಿಲೋಓಮ್ ರೆಸಿಸ್ಟರ್. 2 ಮತ್ತು 6 ಒಟ್ಟಿಗೆ ಸೇರಿಸಿ, ಅಲ್ಲಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ (ವಿದ್ಯುತ್ತನ್ನು ತುಂಬಿಟ್ಟುಕೊಂಡು ಬಿಡುವ ಬಿಡಿಭಾಗ). 3ನೇ ಪಿನ್‌ನಿಂದ 330 ಓಮ್ ರೆಸಿಸ್ಟರ್, ಅದರ ಮೂಲಕ ಎಲ್‌ಇಡಿ, ಅಲ್ಲಿಂದ ಗ್ರೌಂಡ್. ಲೆಕ್ಕ ನಿಮಗೆ ಇಷ್ಟವಾಗುತ್ತದೆ: ಮೊದಲ ರೆಸಿಸ್ಟರಿಗೆ ಎರಡನೆಯದರ ದುಪ್ಪಟ್ಟು ಕೂಡಿಸಿ, ಅದನ್ನು ಕೆಪಾಸಿಟರ್‌ನಿಂದ ಗುಣಿಸಿ (ಓಮ್ ಮತ್ತು ಫ್ಯಾರಡ್‌ಗಳಲ್ಲಿ), ಬಂದ ಗುಣಲಬ್ಧದಿಂದ 1.44 ಅನ್ನು ಭಾಗಿಸಬೇಕು. ಇಲ್ಲಿ ಸುಮಾರು 1 ಬರುತ್ತದೆ. ಅಂದರೆ ಸೆಕೆಂಡಿಗೆ ಒಂದು ಸಲ ಮಿನುಗಬೇಕು.

ಕಟ್ಟಿದಿರಿ, ಕರೆಂಟ್ ಕೊಟ್ಟಿರಿ. ಎಲ್‌ಇಡಿ ಹತ್ತಲಿಲ್ಲ ಅಂತಿಟ್ಟುಕೊಳ್ಳಿ. ಹೊಸಬರು ಸಾಮಾನ್ಯವಾಗಿ ಎಲ್ಲ ವೈರ್‌ಗಳನ್ನೂ ಕಿತ್ತು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೇ ಸಲ ಅದು ಕೆಲಸ ಮಾಡಿದರೂ ಮೊದಲು ಏನಾಗಿತ್ತು ಎಂದು ನಿಮಗೆ ಎಂದೂ ತಿಳಿಯುವುದಿಲ್ಲ. ಕೈ ಕಟ್ಟಿಕೊಂಡು ಒಂದು ನಿಮಿಷ ನೋಡಿ, ಆಮೇಲೆ ಮೀಟರ್ ತೆಗೆದುಕೊಳ್ಳಿ.

ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಮೊನೆ 1ನೇ ಪಿನ್ ಮೇಲೆ, ಕೆಂಪು 8ನೇ ಪಿನ್ ಮೇಲೆ. ಬ್ರೆಡ್‌ಬೋರ್ಡ್ (ಸೋಲ್ಡರ್ ಇಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ತೂತುಗಳ ಹಲಗೆ) ತೂತಿನಲ್ಲಲ್ಲ, ಐಸಿಯ ಕಾಲಿನ ಮೇಲೇ ಮುಟ್ಟಿಸಿ. ತೂತಿನಲ್ಲಿ 5 ವೋಲ್ಟ್ ಇದ್ದು ಕಾಲಿಗೆ ತಲುಪದೇ ಇರುವುದು ಬಹಳ ಸಾಮಾನ್ಯ, ಕಾಲು ಮಡಚಿಕೊಂಡು ಐಸಿಯ ಹೊಟ್ಟೆಯ ಕೆಳಗೆ ಸೇರಿರುತ್ತದೆ. ಅಲ್ಲಿ ಸೊನ್ನೆ ಬಂದರೆ ಸಪ್ಲೈ ಬರುವ ದಾರಿ ನೋಡಿ. ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಪವರ್ ಸಾಲು ಎಷ್ಟೋ ಸಲ ಮಧ್ಯದಲ್ಲಿ ತುಂಡಾಗಿರುತ್ತದೆ. ಮೇಲಿನ ಅರ್ಧಕ್ಕೆ ಕರೆಂಟ್ ಕೊಟ್ಟು ಕೆಳಗಿನ ಅರ್ಧದಿಂದ ತೆಗೆದುಕೊಂಡರೆ ಏನೂ ಸಿಗುವುದಿಲ್ಲ.

5 ವೋಲ್ಟ್ ಸರಿಯಾಗಿದೆಯಾ? ಈಗ 2ನೇ ಪಿನ್ ಮೇಲೆ ಕೆಂಪು ಮೊನೆ ಇಡಿ. ಸರ್ಕ್ಯೂಟಿನ ಗುಟ್ಟು ಇಲ್ಲಿ ಕಾಣಿಸುತ್ತದೆ. ಕೆಪಾಸಿಟರ್ ಸಪ್ಲೈನ ಮೂರನೇ ಎರಡು ಭಾಗದವರೆಗೆ ತುಂಬಿ, ಮೂರನೇ ಒಂದು ಭಾಗದವರೆಗೆ ಇಳಿದು, ಮತ್ತೆ ತುಂಬಬೇಕು. ಅಂದರೆ ಸುಮಾರು 1.7ರಿಂದ 3.3 ವೋಲ್ಟ್ ನಡುವೆ ಅಂಕಿ ಏರಿಳಿಯುತ್ತಿರಬೇಕು. ಡಿಜಿಟಲ್ ಮೀಟರ್ ನಿಧಾನವಾದ್ದರಿಂದ ಅಂಕಿಗಳು ನಿಖರವಾಗಿ ಕಾಣದಿದ್ದರೂ ಓಲಾಟ ಕಂಡೇ ಕಾಣುತ್ತದೆ. ಓಲಾಡುತ್ತಿದೆ ಎಂದರೆ ಐಸಿ ಕೆಲಸ ಮಾಡುತ್ತಿದೆ, ತಪ್ಪು 3ನೇ ಪಿನ್‌ನಿಂದ ಆಚೆಗೆ ಇದೆ. ಬಹುಶಃ ಎಲ್‌ಇಡಿ ಉಲ್ಟಾ. ಓಲಾಡದೆ ಒಂದೇ ಕಡೆ ನಿಂತಿದೆ ಎಂದರೆ ತಪ್ಪು ಈಚೆಗೇ ಇದೆ: 4ನೇ ಪಿನ್ 5 ವೋಲ್ಟ್‌ಗೆ ಸೇರಿಲ್ಲ, ಅಥವಾ ರೆಸಿಸ್ಟರಿನ ಎರಡೂ ಕಾಲು ಒಂದೇ ಸಾಲಿನಲ್ಲಿವೆ, ಅಥವಾ 2 ಮತ್ತು 6ರ ನಡುವಿನ ವೈರ್ ಪಕ್ಕದ ತೂತಿಗೆ ಹೋಗಿದೆ. ಒಂದೇ ಅಳತೆಯಲ್ಲಿ ಅರ್ಧ ಸರ್ಕ್ಯೂಟನ್ನು ಅನುಮಾನದ ಪಟ್ಟಿಯಿಂದ ತೆಗೆದುಹಾಕಿದಿರಿ ನೋಡಿ. ಎಷ್ಟೇ ದೊಡ್ಡ ಯಂತ್ರವಾಗಲಿ, ತಪ್ಪು ಹುಡುಕುವ ರೀತಿ ಇದೇ. ನಡುವೆ ಅಳೆಯಿರಿ, ಯಾವ ಅರ್ಧ ಸರಿಯಿದೆ ಎಂದು ತೀರ್ಮಾನಿಸಿ, ಉಳಿದ ಅರ್ಧದ ನಡುವೆ ಮತ್ತೆ ಅಳೆಯಿರಿ.

ಇದೇ ಸರ್ಕ್ಯೂಟಿನಲ್ಲಿ ಇನ್ನೊಂದು ಚೆಂದದ ತಪ್ಪು ಆಗುತ್ತದೆ. ಎಲ್‌ಇಡಿ ಹತ್ತಿದೆ, ಆದರೆ ಮಿನುಗುತ್ತಿಲ್ಲ, ಸುಮ್ನೆ ಉರಿಯುತ್ತಲೇ ಇದೆ. ಪಕ್ಕದ ಟೇಬಲ್‌ನದ್ದು ಸರಿಯಾಗಿ ಮಿನುಗುತ್ತಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇಲ್ಲಿರುವ ಕೆಪಾಸಿಟರ್ 103 ಎಂದು ಬರೆದಿರುವ ಚಪ್ಪಟೆ ಬಿಲ್ಲೆ, ಅಲ್ಲಿರುವುದು ಡಬ್ಬಿಯಂಥ ಎಲೆಕ್ಟ್ರೋಲಿಟಿಕ್. 103 ಎಂದರೆ 10 ನ್ಯಾನೋಫ್ಯಾರಡ್. ಬೇಕಾದದ್ದಕ್ಕಿಂತ ಸಾವಿರ ಪಟ್ಟು ಚಿಕ್ಕದು. ಹಾಗಾಗಿ ಎಲ್‌ಇಡಿ ಸೆಕೆಂಡಿಗೆ ಸುಮಾರು ಸಾವಿರ ಸಲ ಮಿನುಗುತ್ತಿದೆ, ಕಣ್ಣಿಗೆ ಉರಿಯುತ್ತಿರುವಂತೆ ಕಾಣುತ್ತಿದೆ. ಆ ಕ್ಷಣದಲ್ಲಿ ಕೆಪಾಸಿಟರ್ ಏನು ಮಾಡುತ್ತದೆ ಎಂಬುದು ಇಡೀ ಟೇಬಲ್‌ಗೆ ಒಟ್ಟಿಗೆ ಅರ್ಥವಾಗುತ್ತದೆ. ಎಷ್ಟು ಪಾಠ ಓದಿದರೂ ಹೀಗೆ ಮನಸ್ಸಿಗೆ ಇಳಿಯುವುದು ಕಷ್ಟ.

ನಿಮ್ಮ ಅಳುಕಿನ ವಿಷಯಕ್ಕೆ ಬರೋಣ. ಗುಂಪಿನಲ್ಲಿ ನಿಧಾನವಾಗಿರುವವರು ಅಡ್ಡಿಯಾಗುವುದಿಲ್ಲ. ತಿಳಿದವರಿಗೆ ಇನ್ನೊಬ್ಬರಿಗೆ ವಿವರಿಸುವಾಗಲೇ ತಮ್ಮ ತಿಳುವಳಿಕೆಯ ತೂತುಗಳು ಕಾಣುವುದು. ನಿಜವಾದ ತೊಂದರೆ ಬೇರೆ ಇದೆ. ಜೊತೆಗಾರರು ಚುರುಕಾಗಿದ್ದರೆ ವೈರ್‌ಗಳನ್ನೆಲ್ಲ ಅವರೇ ಚುಚ್ಚಿಬಿಡುತ್ತಾರೆ, ನೀವು ನೋಡುತ್ತಾ ಕೂತಿರುತ್ತೀರಿ. ಅಲ್ಲಿಗೆ ಅದು ಮತ್ತೊಂದು ವಿಡಿಯೋ ಆಯಿತು. ಆದ್ದರಿಂದ ಮೊದಲ ಹತ್ತು ನಿಮಿಷದಲ್ಲೇ ಮಾತಾಡಿಕೊಳ್ಳಿ: ಒಬ್ಬರು ನಕ್ಷೆ ಓದಿ ಹೇಳುವುದು, ಇನ್ನೊಬ್ಬರು ಜೋಡಿಸುವುದು, ಮುಂದಿನ ಸರ್ಕ್ಯೂಟಿಗೆ ಅದಲುಬದಲು. ಅವರು ಕಟ್ಟಿದ್ದು ಕೆಲಸ ಮಾಡಿದ ಮೇಲೆ, "ಇದನ್ನ ಬಿಚ್ಚಿ ನಾನು ಒಂದ್ಸಲ ಕಟ್ತೀನಿ, ನೀವು ನೋಡ್ತಾ ಇರಿ" ಎಂದು ಧಾರಾಳವಾಗಿ ಕೇಳಿ. ಯಾರೂ ಬೇಡ ಅನ್ನುವುದಿಲ್ಲ.

ಸಹಾಯಕರನ್ನು ಕರೆಯುವಾಗಲೂ "ಇದು ಆಗ್ತಿಲ್ಲ" ಎಂದಷ್ಟೇ ಹೇಳಬೇಡಿ. ಏನಾಗಬೇಕಿತ್ತು, ಏನಾಗುತ್ತಿದೆ, ಎಲ್ಲಿ ಅಳೆದು ಎಷ್ಟು ಬಂತು, ಈ ಮೂರನ್ನು ಹೇಳಿ. ಎಷ್ಟೋ ಸಲ ಮೂರನೆಯದನ್ನು ಹೇಳುವಷ್ಟರಲ್ಲಿ ತಪ್ಪು ನಿಮಗೇ ಹೊಳೆಯುತ್ತದೆ. ಸಹಾಯಕರು ಬಂದು ನಿಮ್ಮ ವೈರ್ ಕಿತ್ತು ಸರಿ ಮಾಡಲು ಹೊರಟರೆ ತಡೆಯಿರಿ. ಬೆರಳು ತೋರಿಸಿ ಹೇಳಲಿ, ಕೈ ನಿಮ್ಮದೇ ಆಗಿರಲಿ. ಈ ಮಾತನ್ನು ಕಲಿಸುವವರಿಗೂ ಹೇಳುತ್ತಿದ್ದೇನೆ. ಹೊಸಬರ ಸರ್ಕ್ಯೂಟಿಗೆ ನಾವು ಕೈ ಹಾಕಿದರೆ ಅವರಿಗೆ ಸಿಗಬೇಕಾದ ಪಾಠವನ್ನು ನಾವು ತೆಗೆದುಕೊಂಡ ಹಾಗೆ.

ಹೀಗೆ ಒಬ್ಬರಿಗೊಬ್ಬರು ತೋರಿಸುತ್ತಾ ಕಲಿಯುವುದು ಈ ಕ್ಷೇತ್ರದಲ್ಲಿ ಹೊಸದೇನಲ್ಲ. 1975ರ ಮಾರ್ಚ್‌ನಲ್ಲಿ ಅಮೆರಿಕದ ಮೆನ್ಲೋ ಪಾರ್ಕ್‌ನ ಒಂದು ಗ್ಯಾರೇಜಿನಲ್ಲಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಶುರುವಾಯಿತು. ಆಲ್ಟೇರ್ 8800 ಎಂಬ ಕಂಪ್ಯೂಟರ್ ಕಿಟ್ ನೋಡಿ ಉತ್ಸಾಹಗೊಂಡ ಹವ್ಯಾಸಿಗಳು ಸೇರಿದ್ದರು. ಸ್ಟೀವ್ ವಾಝ್ನಿಯಾಕ್ ಮುಂದೆ ಆಪಲ್ 1 ಆದ ತಮ್ಮ ವಿನ್ಯಾಸದ ನಕ್ಷೆಯನ್ನು ಆ ಕ್ಲಬ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಹಂಚಿದ್ದರು.

ವರ್ಕ್‌ಶಾಪ್‌ನಲ್ಲಿ ಗುಂಪಿನಿಂದಲೇ ಕಲಿಯಬೇಕಾದ ಎರಡನೇ ವಿದ್ಯೆ ಸೋಲ್ಡರಿಂಗ್, ಅಂದರೆ ಬಿಸಿ ಐರನ್‌ನಿಂದ ಲೋಹದ ತಂತಿ ಕರಗಿಸಿ ಬಿಡಿಭಾಗಗಳನ್ನು ಬೆಸೆಯುವುದು. ಇದನ್ನು ಕಲಿಸುವ ಅವಕಾಶವಿದ್ದರೆ ತಪ್ಪಿಸಿಕೊಳ್ಳಬೇಡಿ. ಇದು ಕೈಯ ವಿದ್ಯೆ, ನಿಮ್ಮ ಕೈಯನ್ನು ಇನ್ನೊಬ್ಬರು ನೋಡಿ ಹೇಳಬೇಕು. ಹೊಸಬರು ಐರನ್ ತುದಿಗೆ ಸೋಲ್ಡರ್ ಕರಗಿಸಿಕೊಂಡು ಹೋಗಿ ಜಾಯಿಂಟ್‌ಗೆ ಬಳಿಯುತ್ತಾರೆ. ಹಾಗೆ ಮಾಡಿದರೆ ದಾರಿಯಲ್ಲೇ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ತಂತಿಯೊಳಗೆ ಇರುವ ರಾಳ) ಸುಟ್ಟುಹೋಗಿ ಸೋಲ್ಡರ್ ಉಂಡೆ ಕಟ್ಟುತ್ತದೆ, ಸರಿಯಾಗಿ ಹಿಡಿಯುವುದಿಲ್ಲ. ಐರನ್ ತುದಿ ಬೋರ್ಡಿನ ತಾಮ್ರವನ್ನೂ ಬಿಡಿಭಾಗದ ಕಾಲನ್ನೂ ಒಟ್ಟಿಗೆ ಮುಟ್ಟಬೇಕು. ಎರಡೂ ಬಿಸಿಯಾದ ಮೇಲೆ ಸೋಲ್ಡರ್ ತಂತಿಯನ್ನು ಇನ್ನೊಂದು ಬದಿಯಿಂದ ಜಾಯಿಂಟ್‌ಗೇ ಮುಟ್ಟಿಸಬೇಕು. ಅದು ತಾನಾಗಿ ಹರಿದು ಕಾಲಿನ ಸುತ್ತ ಹರಡಿಕೊಳ್ಳುತ್ತದೆ. ಮೊದಲು ಸೋಲ್ಡರ್ ತೆಗೆಯಿರಿ, ಆಮೇಲೆ ಐರನ್. ಆರುವವರೆಗೆ ಅಲುಗಿಸಬೇಡಿ. ಎಲ್ಲ ಸೇರಿ ಎರಡು ಮೂರು ಸೆಕೆಂಡಿನ ಕೆಲಸ.

ತವರ ಮತ್ತು ಸೀಸ 63:37 ಇರುವ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸೀಸವಿಲ್ಲದ್ದು ಸುಮಾರು 217ಕ್ಕೆ. ಐರನ್ ಮಾತ್ರ 320ರಿಂದ 350ರಲ್ಲಿ ಇರಲಿ, ಇಲ್ಲದಿದ್ದರೆ ಜಾಯಿಂಟ್ ಬಿಸಿಯಾಗುವಷ್ಟರಲ್ಲಿ ಬಿಡಿಭಾಗ ಬೇಯುತ್ತದೆ. ಏಳುವ ಹೊಗೆ ಫ್ಲಕ್ಸ್‌ನದು, ಅದನ್ನು ಉಸಿರಾಡಬೇಡಿ, ಚಿಕ್ಕ ಫ್ಯಾನ್ ಇಟ್ಟುಕೊಳ್ಳಿ. ಸೀಸದ ಸೋಲ್ಡರ್ ಮುಟ್ಟಿದ ಕೈಯನ್ನು ತೊಳೆಯದೆ ಏನೂ ತಿನ್ನಬೇಡಿ. ಬಿಡಿಭಾಗದ ಕಾಲು ಕತ್ತರಿಸುವಾಗ ತುಂಡು ಕಣ್ಣಿಗೆ ಸಿಡಿಯಬಹುದು, ಕನ್ನಡಕ ಬೇಕೇ ಬೇಕು.

ಇನ್ನು ನೀವು ನೋಡಿರುವ ವರ್ಕ್‌ಶಾಪ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಕೆಲವು ವಿಷಯ ಕೇಳಿ. ಪ್ರತಿ ಟೇಬಲ್‌ಗೂ ಒಂದು ಮಲ್ಟಿಮೀಟರ್ ಇದೆಯಾ? ಇಲ್ಲ ಎಂದರೆ ನಾನಾಗಿದ್ದರೆ ಸ್ವಂತ ಮೀಟರ್ ತೆಗೆದುಕೊಂಡು ಹೋಗುತ್ತಿದ್ದೆ. ಎರಡು ದಿನದಲ್ಲಿ ಏನೇನು ಕಲಿಸುತ್ತಾರೆ? ರೋಬೋಟ್, ಐಒಟಿ, ತ್ರೀಡಿ ಪ್ರಿಂಟಿಂಗ್, ಡ್ರೋನ್ ಎಲ್ಲ ಒಟ್ಟಿಗೆ ಪಟ್ಟಿಯಲ್ಲಿದ್ದರೆ ಅದು ಪ್ರದರ್ಶನ, ಕಲಿಕೆಯಲ್ಲ. ಮೂರ್ನಾಲ್ಕು ಚಿಕ್ಕ ಸರ್ಕ್ಯೂಟ್, ನಡುವೆ ಬೇಕಾದಷ್ಟು ಬಿಡುವು ಇದ್ದರೆ ಒಳ್ಳೆಯದು. ಎಷ್ಟು ಜನಕ್ಕೆ ಒಬ್ಬ ಸಹಾಯಕರು? ಐದಾರು ಜನಕ್ಕೆ ಒಬ್ಬರಿದ್ದರೆ ಸಾಕು. ಕಟ್ಟಿದ್ದನ್ನು ಮನೆಗೆ ತರಲು ಬಿಡುತ್ತಾರಾ ಎಂಬುದೂ ಮುಖ್ಯ. ಸರ್ಟಿಫಿಕೇಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಹೋಗುವ ಮೊದಲು ಮನೆಯಲ್ಲಿ ಒಂದು ಸಂಜೆ ತಯಾರಿ ಮಾಡಿಕೊಳ್ಳಿ. ಮೀಟರಿನ ಬೀಪ್ ಮೋಡ್ ಹಾಕಿ ನಿಮ್ಮ ಬ್ರೆಡ್‌ಬೋರ್ಡಿನ ಯಾವ ತೂತಿಗೆ ಯಾವ ತೂತು ಸೇರಿದೆ ಎಂದು ನೀವೇ ಪತ್ತೆ ಮಾಡಿ. ಎಲ್‌ಇಡಿ ಲೆಕ್ಕ ಒಂದು ಸಲ ಕೈಯಾರೆ ಮಾಡಿ: ಸಪ್ಲೈ 5 ವೋಲ್ಟ್, ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 3 ವೋಲ್ಟನ್ನು 330 ಓಮ್‌ನಿಂದ ಭಾಗಿಸಿದರೆ ಸುಮಾರು 9 ಮಿಲಿಆಂಪ್. ಆರ್ಡುಯಿನೊ ಇದ್ದರೆ ಸಾಫ್ಟ್‌ವೇರ್ ಹಾಕಿಕೊಂಡು, ನಿಮ್ಮ ಯುಎಸ್‌ಬಿ ಕೇಬಲ್‌ನಲ್ಲಿ ಡೇಟಾ ಹೋಗುತ್ತದಾ ನೋಡಿ. ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್ ತಂದು ಮೊದಲ ಒಂದು ಗಂಟೆ ಕಳೆದುಕೊಳ್ಳುವವರು ಎಲ್ಲ ಕಡೆಯೂ ಇರುತ್ತಾರೆ. ಮೀಟರ್ ಬಗ್ಗೆ ಒಂದು ಎಚ್ಚರಿಕೆ: ಕರೆಂಟ್ ಅಳೆಯಲು ಕೆಂಪು ವೈರನ್ನು ಆಂಪ್ ತೂತಿಗೆ ಹಾಕಿದರೆ, ಅಳೆದ ಕೂಡಲೇ ವಾಪಸ್ ವೋಲ್ಟ್ ತೂತಿಗೆ ಹಾಕಿ. ಮರೆತು ಹಾಗೇ ಸಪ್ಲೈಗೆ ಮುಟ್ಟಿಸಿದರೆ ನೇರ ಶಾರ್ಟ್ ಆಗುತ್ತದೆ.

ಆರ್ಡುಯಿನೊ ಜೊತೆ ಮೋಟಾರ್ ಓಡಿಸುವ ಪಾಠ ಇದ್ದರೆ ಒಂದು ವಿಷಯ ನೆನಪಿರಲಿ. ಸರ್ವೋ ಮೋಟಾರ್ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ನಡುಗುತ್ತದೆ, ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಎಲ್ಲರೂ ಕೋಡ್ ತಿದ್ದುತ್ತಾ ಕೂರುತ್ತಾರೆ. ಎಷ್ಟೋ ಸಲ ತಪ್ಪು ಕೋಡ್‌ನಲ್ಲಿ ಇರುವುದೇ ಇಲ್ಲ. ಮೋಟಾರ್ ಎಳೆಯುವ ಕರೆಂಟಿಗೆ ಬೋರ್ಡಿನ 5 ವೋಲ್ಟ್ ಕುಸಿಯುತ್ತಿರುತ್ತದೆ. ಮೋಟಾರಿಗೆ ಬೇರೆ ಸಪ್ಲೈ ಕೊಟ್ಟ ಮೇಲೂ ನಡುಗಿದರೆ, ಎರಡು ಸಪ್ಲೈಗಳ ಗ್ರೌಂಡನ್ನು ಸೇರಿಸಿದ್ದೀರಾ ನೋಡಿ.

ಬಂದ ಮೇಲೆ ಏನು ಎಂದು ಕೇಳಿದ್ದೀರಿ. ಆ ವಾರದೊಳಗೇ ಅಲ್ಲಿ ಕಟ್ಟಿದ ಒಂದು ಸರ್ಕ್ಯೂಟನ್ನು ಪೂರ್ತಿ ಬಿಚ್ಚಿ, ಫೋಟೋ ನೋಡದೆ, ನಕ್ಷೆ ಮಾತ್ರ ನೋಡಿ ಮತ್ತೆ ಕಟ್ಟಿ. ಆಮೇಲೆ ಒಂದೇ ಒಂದು ಭಾಗ ಬದಲಿಸಿ. 555 ಸರ್ಕ್ಯೂಟಿನಲ್ಲಿ 68 ಕಿಲೋಓಮ್ ಜಾಗಕ್ಕೆ 33 ಹಾಕಿದರೆ ಏನಾಗುತ್ತದೆ ಎಂದು ಮೊದಲು ಲೆಕ್ಕ ಮಾಡಿ ಕಾಗದದಲ್ಲಿ ಬರೆಯಿರಿ, ಆಮೇಲೆ ಹಾಕಿ ನೋಡಿ. ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಮಿನುಗಬೇಕು. ಹೀಗೆ ಮೊದಲೇ ಹೇಳಿ ಆಮೇಲೆ ನೋಡುವ ಅಭ್ಯಾಸದಿಂದಲೇ ಸ್ವಂತವಾಗಿ ಮಾಡುವ ಧೈರ್ಯ ಬರುತ್ತದೆ.

ನಂತರ ನಿಮಗೆ ನಿಜಕ್ಕೂ ಬೇಕಾದ ಒಂದು ಚಿಕ್ಕ ವಸ್ತು ಆರಿಸಿಕೊಳ್ಳಿ. ಫ್ರಿಜ್ ಬಾಗಿಲು ತೆರೆದೇ ಇದ್ದರೆ ಕೂಗುವ ಬಜರ್ ಒಳ್ಳೆಯ ಮೊದಲ ಕೆಲಸ. ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್), ಒಂದು ಅಯಸ್ಕಾಂತ, ಬಜರ್, ಆರ್ಡುಯಿನೊ ಸಾಕು. ಸ್ವಿಚ್ಚಿನ ಪಿನ್‌ಗೆ ಪುಲ್‌ಅಪ್ (ಪಿನ್ನನ್ನು 5 ವೋಲ್ಟ್‌ಗೆ ಸೇರಿಸುವ ರೆಸಿಸ್ಟರ್) ಕೊಡದಿದ್ದರೆ ಅದು ಗಾಳಿಯಲ್ಲಿ ತೇಲುತ್ತಾ ಮನಬಂದಂತೆ ಕೂಗುತ್ತದೆ. ಆ ತಪ್ಪನ್ನೂ ಬೇಕೆಂದೇ ಒಂದು ಸಲ ಮಾಡಿ ನೋಡಿ. ಬ್ರೆಡ್‌ಬೋರ್ಡಿನ ಮೇಲೆ ಒಂದು ವಾರ ತಕರಾರಿಲ್ಲದೆ ನಡೆದರೆ ಆಗ ಸೋಲ್ಡರ್ ಮಾಡಿ.

ಟೇಬಲ್ ಜೊತೆಗಾರರ ಸಂಪರ್ಕ ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ ಇಬ್ಬರು ಮೂವರು ಸೇರಿ ಕೂತರೂ ಸಾಕು, ಒಬ್ಬರ ತಪ್ಪನ್ನು ಇನ್ನೊಬ್ಬರು ಹುಡುಕಬಹುದು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ರಿಪೇರ್ ಕೆಫೆ ಥರದ ಕೂಟಗಳು ಈಗ ಹಲವು ದೇಶಗಳಲ್ಲಿವೆ. ಕೆಟ್ಟ ವಸ್ತುಗಳನ್ನು ತಂದು ಎಲ್ಲರೂ ಕೂತು ರಿಪೇರಿ ಮಾಡುತ್ತಾರೆ. ಅಂಥದ್ದು ಸಿಕ್ಕರೆ ಹೋಗಿ, ಶುರುವಿನಲ್ಲಿ ನೋಡುವುದಕ್ಕಾದರೂ. ಆದರೆ ಗೋಡೆಯ ಪ್ಲಗ್‌ಗೆ ಹಾಕುವ ಯಾವ ಉಪಕರಣವನ್ನೂ ಸದ್ಯಕ್ಕೆ ಒಬ್ಬರೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಅಪಾಯದ ವೋಲ್ಟೇಜ್ ಉಳಿದಿರಬಹುದು. ಮೊದಲ ವರ್ಷ ಯುಎಸ್‌ಬಿಯ 5 ವೋಲ್ಟ್ ಮತ್ತು ಸಾಮಾನ್ಯ ಎಎ ಸೆಲ್‌ಗಳಲ್ಲೇ ಕೆಲಸ ಮಾಡಿ. ಲಿಥಿಯಂ ಸೆಲ್‌ಗಳನ್ನು, ಅವುಗಳ ಚಾರ್ಜಿಂಗ್ ಮತ್ತು ಪ್ರೊಟೆಕ್ಷನ್ ಸರ್ಕ್ಯೂಟ್ ಬಗ್ಗೆ ಗೊತ್ತಿರುವವರ ಜೊತೆ ಕೂತು ಕಲಿತ ಮೇಲೆ ಮುಟ್ಟಿ.